ಬೇಸಿಗೆಯ ಮನೆಮದ್ದು: ಉಪಯೋಗ ಮತ್ತು ಮಿತಿ

ಕಲಬುರಗಿ, ರಾಯಚೂರು ಭಾಗದಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಬೆವರಿನೊಡನೆ ದೇಹದ ನೀರು ಮಾತ್ರವಲ್ಲದೆ ಲವಣವೂ ನಷ್ಟವಾಗುತ್ತದೆ. ಆದುದರಿಂದ ನೀರಿನ ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆ, ಜೋಳದ ಅಂಬಲಿ ಸೇವಿಸುವುದು ಹಿತಕರ, ವೆಚ್ಚವೂ ಅತ್ಯಲ್ಪ. ಮಣ್ಣಿನ ಮಡಕೆಯಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುವುದರಿಂದ, ವಿದ್ಯುತ್ತಿನ ಖರ್ಚಿಲ್ಲದೆ ನೀರು ತಂಪಾಗುತ್ತದೆ. ಮಡಕೆಯನ್ನು ಗಾಳಿಯಾಡುವ ನೆರಳಿನಲ್ಲಿ ಇಡತಕ್ಕದ್ದು.

ವಾಂತಿ-ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ದೊರೆಯದಿದ್ದಲ್ಲಿ, ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಅಂಚುಮಟ್ಟದ 6 ಟೀ ಚಮಚ ಸಕ್ಕರೆ ಹಾಗೂ ಅರ್ಧ ಟೀ ಚಮಚ ಉಪ್ಪು ಕರಗಿಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ.

ಬಿಸಿಲಿಗೆ ಮೈ ಕಾದು, ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತದ ಲಕ್ಷಣ. ಆಗ ಯಾವ ಮನೆಮದ್ದೂ ಸಾಲದು. ಕೂಡಲೇ 108ಕ್ಕೆ ಕರೆ ಮಾಡಿ, ರೋಗಿಯನ್ನು ನೆರಳಿಗೆ ಸಾಗಿಸಿ, ಮೈಮೇಲೆ ನೀರೆರೆದು ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಉದ್ಯೋಗ ಖಾತರಿ ಕಾಮಗಾರಿ ಸ್ಥಳಗಳಲ್ಲಿಯೂ ಗ್ರಾಮಸಭೆಯಲ್ಲಿಯೂ ಸದಸ್ಯರು ಈ ಅಂಶಗಳನ್ನು, ವಿಶೇಷವಾಗಿ ಮನೆಮದ್ದಿನ ಮಿತಿಯನ್ನು, ಎಲ್ಲರಿಗೂ ಮನವರಿಕೆ ಮಾಡಿಕೊಡುವುದು.