ಗೋದಲಿ ಖಾಲಿಯಿರುವ ನಾಲ್ಕು ವಾರಗಳು



ಆಗಮನ ಕಾಲ ಮತ್ತೊಮ್ಮೆ ನಮ್ಮ ಮನೆಬಾಗಿಲಿಗೆ ಬಂದಿದೆ. ಗೋಡೆಗಳಿಗೆ ಸುಣ್ಣಬಣ್ಣ, ಮಕ್ಕಳಿಗೆ ಹೊಸ ಬಟ್ಟೆ, ಅಂಗಳದಲ್ಲಿ ತೂಗುವ ನಕ್ಷತ್ರ, ಅಡುಗೆಮನೆಯಲ್ಲಿ ಕರ್ಜಿಕಾಯಿ, ಚಕ್ಕುಲಿ, ಕಲ್‌ಕಲ್‌ಗಳ ಸಿದ್ಧತೆ, ಹೀಗೆ ಹಬ್ಬದ ಕೆಲಸಗಳು ಒಂದೊಂದಾಗಿ ನಡೆಯುತ್ತಿವೆ. ಇವು ಯಾವುವೂ ತಪ್ಪಲ್ಲ. ದೇವರೇ ಮನುಷ್ಯರಾಗಿ ನಮ್ಮ ನಡುವೆ ಹುಟ್ಟಿ ಬಂದ ದಿನವನ್ನು ನಾವು ಸಂಭ್ರಮದಿಂದ ಆಚರಿಸದೆ ಇನ್ನಾರು ಆಚರಿಸಬೇಕು? ಆದರೆ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳುವುದು ಒಳ್ಳೆಯದು. ಡಿಸೆಂಬರ್ 24ರ ರಾತ್ರಿ ಪೂಜೆಗೆ ಹೊರಡುವ ಹೊತ್ತಿಗೆ ನಮ್ಮ ಮನೆ ಸಿದ್ಧವಾಗಿರುತ್ತದೆ, ಮನೆಯವರು ಸಿದ್ಧರಾಗಿರುತ್ತಾರೆಯೇ? ಈ ನಾಲ್ಕು ವಾರಗಳಲ್ಲಿ ನಮ್ಮನ್ನು ನೋಡಿ ನಮ್ಮ ಮಕ್ಕಳು ಏನನ್ನು ಕಲಿತಿರುತ್ತಾರೆ?

ಗೋದಲಿ ಎಂದರೇನು?

ನಾವು ಮನೆಯಲ್ಲೂ ದೇವಾಲಯದಲ್ಲೂ ಕಟ್ಟುವ ಇಡೀ ದೃಶ್ಯವನ್ನು ಕನ್ನಡದಲ್ಲಿ 'ಗೋದಲಿ' ಎಂದೇ ಕರೆಯುತ್ತೇವೆ. ಬೆಟ್ಟ, ಗುಡಿಸಲು, ಕುರುಬರು, ಕುರಿಗಳು, ಮೂವರು ಜ್ಞಾನಿಗಳು ಎಲ್ಲರೂ ಅದರಲ್ಲಿ ಸೇರುತ್ತಾರೆ. ಆದರೆ ಆ ಪದದ ಮೂಲ ಅರ್ಥ ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ದನದ ಕೊಟ್ಟಿಗೆಯಲ್ಲಿ ಹಸುಗಳಿಗೆ ಹುಲ್ಲು ಹಾಕುವ ಜಾಗವೇ ಗೋದಲಿ. ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಈ ಗೋದಲಿಯನ್ನು ಮೂರು ಸಲ ಹೆಸರಿಸುತ್ತಾರೆ (ಲೂಕ 2:7, 12, 16). ಮಾತೆ ಮರಿಯಮ್ಮನವರು ಮಗುವನ್ನು ಅದರಲ್ಲಿ ಮಲಗಿಸಿದರು. ದೇವದೂತನು ಕುರುಬರಿಗೆ ಅದನ್ನೇ ಗುರುತಾಗಿ ಕೊಟ್ಟನು. ಕುರುಬರು ಬಂದು ಮಗುವನ್ನು ಅಲ್ಲಿಯೇ ಕಂಡರು. ಬೆತ್ಲೆಹೇಮ್ ಎಂಬ ಹೆಸರಿಗೆ ಹಿಬ್ರೂ ಭಾಷೆಯಲ್ಲಿ 'ರೊಟ್ಟಿಯ ಮನೆ' ಎಂದರ್ಥ. ರೊಟ್ಟಿಯ ಮನೆಯೆಂಬ ಊರಿನಲ್ಲಿ, ಮೇವಿಡುವ ಜಾಗದಲ್ಲಿ ಮಲಗಿದ ಈ ಕಂದನೇ ಮುಂದೆ ಪರಮಪ್ರಸಾದದಲ್ಲಿ ತಮ್ಮನ್ನೇ ನಮಗೆ ಆಹಾರವಾಗಿ ನೀಡುತ್ತಾರೆ. ಆದುದರಿಂದ ಗೋದಲಿಯಿಂದ ಬಲಿಪೀಠಕ್ಕೆ ದೂರವೇನೂ ಇಲ್ಲ.

ಇದನ್ನು ಚೆನ್ನಾಗಿ ಅರಿತವರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ಮಸ್ ರಾತ್ರಿ ಇಟಲಿ ದೇಶದ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಒಂದು ಗೋದಲಿಯನ್ನು ಏರ್ಪಡಿಸಿದರು. ಅದರಲ್ಲಿ ಇಂದಿನಂತೆ ಬೊಂಬೆಗಳಿರಲಿಲ್ಲ. ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು ಮತ್ತು ಕತ್ತೆ ಇಷ್ಟೇ. ಅಲ್ಲಿಯೇ ಗುರುವೊಬ್ಬರು ಬಲಿಪೂಜೆ ಅರ್ಪಿಸಿದರು. ಉಪಯಾಜಕರಾಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಬೋಧನೆ ಮಾಡಿದರು. ಎತ್ತು ಮತ್ತು ಕತ್ತೆಯ ಪ್ರಸ್ತಾಪ ಶುಭಸಂದೇಶಗಳಲ್ಲಿಲ್ಲ. ಎತ್ತು ತನ್ನ ಯಜಮಾನನನ್ನೂ ಕತ್ತೆ ತನ್ನ ಒಡೆಯನ ಗೋದಲಿಯನ್ನೂ ಬಲ್ಲದು, ಆದರೆ ತಮ್ಮ ಜನ ದೇವರನ್ನು ಅರಿಯದೆ ಹೋದರು ಎಂದು ಪ್ರವಾದಿ ಯೆಶಾಯ ಮರುಗಿದ್ದಾನೆ (ಯೆಶಾಯ 1:3). ಅದೇ ಮಾತಿನಿಂದ ಆ ಎರಡು ಪ್ರಾಣಿಗಳು ನಮ್ಮ ಗೋದಲಿಗೆ ಬಂದವು. ಜಗದ್ಗುರು ಫ್ರಾನ್ಸಿಸ್‌ರವರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಮಹತ್ವವನ್ನು ಕುರಿತ ಪ್ರೇಷಿತ ಪತ್ರಕ್ಕೆ ಸಹಿ ಹಾಕಿದರು. ಕುಟುಂಬಗಳು ಮನೆಯಲ್ಲಿ ಗೋದಲಿ ಕಟ್ಟುವ ಪದ್ಧತಿಯನ್ನು ಬಿಡಬಾರದೆಂದು ಅವರು ಅದರಲ್ಲಿ ಪ್ರೋತ್ಸಾಹಿಸಿದ್ದಾರೆ.

ಮನೆಯೇ ಪುಟ್ಟ ಧರ್ಮಸಭೆ

1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂದು ಕರೆಯಿತು. ಅಲ್ಲಿ ತಂದೆತಾಯಿಗಳು ತಮ್ಮ ಮಾತು ಮತ್ತು ನಡತೆಯಿಂದ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು. ಮಕ್ಕಳ ದೀಕ್ಷಾಸ್ನಾನದ ದಿನ ನಾವು ಈ ಹೊಣೆಯನ್ನು ಎಲ್ಲರ ಮುಂದೆ ಒಪ್ಪಿಕೊಂಡಿದ್ದೇವೆ. ಆದರೂ ಎಷ್ಟೋ ತಂದೆತಾಯಿಗಳು, ಮಗುವನ್ನು ಭಾನುವಾರದ ಧರ್ಮೋಪದೇಶಕ್ಕೆ ಕಳುಹಿಸಿದರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ವಾರಕ್ಕೆ ಒಂದು ಗಂಟೆಯ ಪಾಠ ಕೇಳುವ ಮಗು ಉಳಿದ ಸಮಯದಲ್ಲಿ ಮನೆಯನ್ನು ನೋಡುತ್ತಿರುತ್ತದೆ. ಬೆಳೆದು ಓದಿಗೋ ಕೆಲಸಕ್ಕೋ ದೂರದ ನಗರಕ್ಕೆ ಹೋದ ಮಗ ಅಲ್ಲಿ ಪೂಜೆಗೆ ಹೋಗುತ್ತಾನೋ ಇಲ್ಲವೋ ಎಂದು ತಾಯಂದಿರು ಚಿಂತಿಸುತ್ತಾರೆ. ಆ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅವನು ಏಳೆಂಟು ವರ್ಷದವನಿದ್ದಾಗ ಮನೆಯಲ್ಲಿ ಕಂಡದ್ದರಲ್ಲಿದೆ.

ಈ ಕಾರಣಕ್ಕಾಗಿ ಈ ವರ್ಷ ಒಂದು ಚಿಕ್ಕ ಪದ್ಧತಿಯನ್ನು ನಿಮ್ಮ ಮುಂದಿಡುತ್ತೇನೆ. ಇದು ಹೊಸದೇನಲ್ಲ, ಅನೇಕ ಕ್ರೈಸ್ತ ಮನೆಗಳಲ್ಲಿ ನಡೆದುಬಂದದ್ದು. ಆಗಮನ ಕಾಲದ ಮೊದಲನೆಯ ಭಾನುವಾರವೇ ಮನೆಯ ಪೀಠದ ಬಳಿ ಒಂದು ಖಾಲಿ ಗೋದಲಿಯನ್ನು ಮಾತ್ರ ಇಡಿ. ಒಂದು ಚಿಕ್ಕ ರಟ್ಟಿನ ಪೆಟ್ಟಿಗೆಯಾದರೂ ಸಾಕು. ಪಕ್ಕದಲ್ಲಿ ಒಂದು ಹಿಡಿ ಒಣಹುಲ್ಲು ಇರಲಿ. ದಿನದಲ್ಲಿ ಮನೆಯವರು ಯಾರಾದರೂ ದೇವರ ಪ್ರೀತಿಗಾಗಿ ಒಂದು ಒಳ್ಳೆಯ ಕಾರ್ಯ ಮಾಡಿದರೆ, ರಾತ್ರಿ ಪ್ರಾರ್ಥನೆಯ ಹೊತ್ತಿಗೆ ಮೌನವಾಗಿ ಒಂದು ಎಳೆ ಹುಲ್ಲನ್ನು ಅದರೊಳಗೆ ಹಾಕಲಿ. ಇದು ಮಕ್ಕಳ ಆಟವಾಗದಿರಲಿ; ಅಪ್ಪನೂ ಅಮ್ಮನೂ ಅಜ್ಜ ಅಜ್ಜಿಯರೂ ಹಾಕಲಿ. ಯಾರು ಎಷ್ಟು ಹಾಕಿದರು ಎಂದು ಎಣಿಸಬೇಡಿ. ಹಬ್ಬದ ರಾತ್ರಿ ಬಾಲಯೇಸುವಿಗೆ ಹಾಸಿಗೆ ಎಷ್ಟು ಮೆತ್ತಗಿದೆ ಎಂಬುದು ಎಲ್ಲರಿಗೂ ತಾನಾಗಿ ಕಾಣುತ್ತದೆ.

ಈಗ ಒಂದೊಂದು ವಾರದಲ್ಲಿ ಧರ್ಮಸಭೆ ನಮಗೆ ಏನು ಹೇಳುತ್ತದೆ ಎಂದು ನೋಡೋಣ.

ಮೊದಲನೆಯ ವಾರ: ಎಚ್ಚರವಾಗಿರುವುದು

ಆಗಮನ ಕಾಲ ಆರಂಭವಾಗುವುದು ಬೆತ್ಲೆಹೇಮಿನಿಂದಲ್ಲ. ಮೊದಲನೆಯ ಭಾನುವಾರದ ಶುಭಸಂದೇಶ ಯೇಸುಸ್ವಾಮಿಯ ಎರಡನೆಯ ಬರುವಿಕೆಯನ್ನು ಕುರಿತದ್ದು. ಎಚ್ಚರವಾಗಿರಿ ಎಂಬುದೇ ಅದರ ಸಾರ. ಡಿಸೆಂಬರ್ 16ರವರೆಗೆ ಧರ್ಮಸಭೆ ಮುಖ್ಯವಾಗಿ ಆ ಬರುವಿಕೆಯನ್ನು ಧ್ಯಾನಿಸುತ್ತದೆ. 17ರಿಂದ 24ರವರೆಗೆ ಕ್ರಿಸ್ತಜಯಂತಿಗೆ ನೇರವಾಗಿ ಸಿದ್ಧವಾಗುತ್ತದೆ. ಗುರುಗಳು ತೊಡುವ ನೇರಳೆ ಬಣ್ಣದ ಉಡುಪು, ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡದಿರುವುದು, ಇವೆಲ್ಲ ಕಾಯುವಿಕೆಯ ಗುರುತುಗಳು. ದೇವದೂತರ ಆ ಗೀತೆಯನ್ನು ಧರ್ಮಸಭೆ ಕ್ರಿಸ್ಮಸ್ ರಾತ್ರಿಗಾಗಿ ಎತ್ತಿಟ್ಟಿರುತ್ತದೆ.

ಮನೆಯಲ್ಲಿ ಎಚ್ಚರವಾಗಿರುವುದು ಹೇಗೆ? ರಾತ್ರಿ ಒಂದು ಹೊತ್ತನ್ನು ಗೊತ್ತುಮಾಡಿ, ಟಿವಿ ಆರಿಸಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಟ್ಟು ಎಲ್ಲರೂ ಕುಳಿತುಕೊಳ್ಳಿ. ಒಂದು ಮೇಣದಬತ್ತಿ ಹಚ್ಚಿ, ಆ ದಿನದ ಶುಭಸಂದೇಶವನ್ನು ಮನೆಯ ಮಗುವೊಂದು ಓದಲಿ. ಒಂದು ಪರಲೋಕ ಮಂತ್ರ, ಮೂರು ನಮೋ ಮರಿಯಾ ಹೇಳಿ. ಹತ್ತು ನಿಮಿಷ ಸಾಕು. ಪೂರ್ಣ ಜಪಸರ ಮಾಡುತ್ತಿದ್ದ ಮನೆಗಳು ಅದನ್ನು ಮುಂದುವರಿಸಲಿ. ಎಲ್ಲವನ್ನೂ ಬಿಟ್ಟಿರುವ ಮನೆಗಳು ಈ ಹತ್ತು ನಿಮಿಷದಿಂದ ಆರಂಭಿಸಲಿ. ತಂದೆಯಾದವನು ತಡವಾಗಿ ಮನೆಗೆ ಬರುವವನಾದರೆ, ಈ ಹತ್ತು ನಿಮಿಷಕ್ಕಾಗಿ ಅವನು ಬೇಗ ಬಂದದ್ದನ್ನು ಮಗು ಎಂದಿಗೂ ಮರೆಯದು.

ಎರಡನೆಯ ವಾರ: ಹಾದಿಯನ್ನು ನೇರ ಮಾಡುವುದು

ಎರಡನೆಯ ಭಾನುವಾರ ಸ್ನಾನಿಕ ಯೊವಾನ್ನರು ನಮ್ಮೆದುರು ಬಂದು ನಿಲ್ಲುತ್ತಾರೆ. ಪ್ರಭುವಿಗಾಗಿ ಹಾದಿಯನ್ನು ಸಿದ್ಧಮಾಡಿ ಎಂಬುದು ಅವರ ಕರೆ. ನಮ್ಮ ಕುಟುಂಬಗಳಲ್ಲಿ ಆ ಹಾದಿ ಎಲ್ಲಿ ಕಡಿದುಹೋಗಿದೆ ಎಂಬುದು ಹಬ್ಬದ ದಿನವೇ ಬಯಲಾಗುತ್ತದೆ. ಕರ್ಜಿಕಾಯಿ ತುಂಬಿದ ತಟ್ಟೆಗಳನ್ನು ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬಾ ಎಂದು ತಾಯಿ ಮಗುವನ್ನು ಕಳುಹಿಸುತ್ತಾಳೆ. ಹಿಂದೂ ನೆರೆಯವರಿಗೆ ಕೊಡುತ್ತಾರೆ, ಮುಸ್ಲಿಂ ನೆರೆಯವರಿಗೆ ಕೊಡುತ್ತಾರೆ, ಅದು ಬಹಳ ಒಳ್ಳೆಯದು. ಆದರೆ "ದೊಡ್ಡಪ್ಪನ ಮನೆಗೆ?" ಎಂದು ಮಗು ಕೇಳಿದರೆ, "ಅಲ್ಲಿಗೆ ಬೇಡ" ಎಂಬ ಉತ್ತರ ಬರುತ್ತದೆ. ಗೋಡೆ ಒಂದೇ, ಬಾಗಿಲು ಎರಡು. ಎರಡು ಗುಂಟೆ ಜಮೀನಿನ ಪಾಲು, ಮದುವೆ ಮನೆಯಲ್ಲಿ ಆಡಿದ ಒಂದು ಮಾತು, ತೀರದ ಒಂದು ಸಾಲ, ಇಷ್ಟಕ್ಕೇ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಕ್ಷಮೆಯ ಪಾಠವನ್ನು ಧರ್ಮೋಪದೇಶದಲ್ಲಿ ಕಲಿತ ಮಗು ಅಂದು "ಅಲ್ಲಿಗೆ ಬೇಡ" ಎಂಬುದನ್ನೂ ಕಲಿಯುತ್ತದೆ. ಎರಡರಲ್ಲಿ ಯಾವುದನ್ನು ಅದು ನಂಬುತ್ತದೆ, ನೀವೇ ಯೋಚಿಸಿ.

ಕಾಣಿಕೆಯೊಡನೆ ಬಲಿಪೀಠದ ಬಳಿ ಬಂದಾಗ ಸೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನ ಮಾಡಿಕೊಂಡು ಬಾ ಎಂದು ಯೇಸುಸ್ವಾಮಿ ಕಲಿಸಿದ್ದಾರೆ (ಮತ್ತಾಯ 5:23-24). ಈ ವಾರ ಮನೆಯವರೆಲ್ಲ ಒಟ್ಟಾಗಿ ಪಾಪನಿವೇದನೆಗೆ ಬನ್ನಿ. ತಂದೆ ಸಾಲಿನಲ್ಲಿ ನಿಂತದ್ದನ್ನು ಕಂಡ ಮಗನಿಗೆ ಪಾಪನಿವೇದನೆ ಏಕೆ ಎಂದು ವಿವರಿಸುವ ಅಗತ್ಯ ಬೀಳುವುದಿಲ್ಲ. ಅಲ್ಲಿಂದ ಹಿಂದಿರುಗುವಾಗ ಆ ಎರಡನೆಯ ಬಾಗಿಲನ್ನು ತಟ್ಟಿ. ಜಮೀನಿನ ಲೆಕ್ಕ ಅಂದೇ ತೀರಬೇಕಾಗಿಲ್ಲ, ಮಾತು ಆರಂಭವಾದರೆ ಸಾಕು. ಬಾಗಿಲು ತೆರೆಯದಿದ್ದರೂ ನಿರಾಶರಾಗಬೇಡಿ. ನೀವು ನಡೆದುಹೋದ ಹಾದಿಯಂತೂ ನೇರವಾಯಿತು. ಇನ್ನೊಂದು ಮಾತನ್ನೂ ಹೇಳಬೇಕು. ಕುಡಿತ ಮತ್ತು ಹೊಡೆತ ಇರುವ ಮನೆಯಲ್ಲಿ ಸಮಾಧಾನವೆಂದರೆ ಹೆಂಡತಿ ಬಾಯಿ ಮುಚ್ಚಿಕೊಂಡು ಸಹಿಸುವುದಲ್ಲ. ಅಲ್ಲಿ ಹಾದಿ ನೇರವಾಗಬೇಕಾದದ್ದು ಹೊಡೆಯುವ ಕೈಯಿಂದ. ಅಂತಹ ತಾಯಂದಿರು ನೆರವು ಕೇಳಲು ಹಿಂಜರಿಯಬಾರದು.

ಮೂರನೆಯ ವಾರ: ಹಂಚಿಕೊಳ್ಳುವ ಸಂತೋಷ

ಮೂರನೆಯದು ಹರ್ಷದ ಭಾನುವಾರ. ಅಂದು ನೇರಳೆಯ ಬದಲು ಗುಲಾಬಿ ಬಣ್ಣದ ಉಡುಪನ್ನು ತೊಡುವುದುಂಟು. ಲೂಕರ ಶುಭಸಂದೇಶದಲ್ಲಿ, ನಾವೇನು ಮಾಡಬೇಕು ಎಂದು ಜನರು ಯೊವಾನ್ನರನ್ನು ಕೇಳುತ್ತಾರೆ. ಯೊವಾನ್ನರು ಅವರನ್ನು ಅಡವಿಗೆ ಬನ್ನಿ ಎಂದು ಕರೆಯಲಿಲ್ಲ. ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದನ್ನು ಕೊಡಲಿ, ಸುಂಕದವನು ಗೊತ್ತಾದುದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ, ಸೈನಿಕನು ಯಾರನ್ನೂ ಬೆದರಿಸಿ ಹಣ ಕೀಳದಿರಲಿ ಎಂದರು (ಲೂಕ 3:10-14). ಅಂದರೆ ಅವರವರ ಮನೆಯಲ್ಲಿ, ಅವರವರ ಕೆಲಸದಲ್ಲಿಯೇ ಪರಿವರ್ತನೆ.

ಹಬ್ಬದ ಖರ್ಚಿನ ಪಟ್ಟಿ ಬರೆಯುವಾಗ ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿ. ನಮ್ಮ ಮನೆಗೆ ಐದು ಜೊತೆ ಬಟ್ಟೆಯಾದರೆ ಆರನೆಯದು ಯಾರಿಗೆ ಎಂದು ಅವರನ್ನೇ ಕೇಳಿ. ಮನೆಗೆಲಸಕ್ಕೆ ಬರುವಾಕೆಯ ಮಗಳಿಗೋ, ಕಟ್ಟಡ ಕೆಲಸಕ್ಕೆ ದೂರದ ಊರಿನಿಂದ ಬಂದವರ ಕೂಸಿಗೋ? ಬಳಸಿ ಹಳತಾದುದನ್ನು ಕೊಡುವುದು ಸುಲಭ, ಹೊಸದನ್ನು ಕೊಡಲಿ. ಸಾಲ ಮಾಡಿ ಹಬ್ಬ ಮಾಡುವ ಮನೆಗಳಿಗೂ ಒಂದು ಮಾತು: ಕೊಟ್ಟಿಗೆಯಲ್ಲಿ ಹುಟ್ಟಿದವರ ಹಬ್ಬಕ್ಕೆ ಬಡ್ಡಿಯ ಹಣ ಬೇಕಾಗಿಲ್ಲ. ಕೂಲಿಯವರ ಬಾಕಿಯನ್ನು ಹಬ್ಬಕ್ಕೆ ಮೊದಲೇ ತೀರಿಸುವ ಯಜಮಾನನು ಗೋದಲಿಗೆ ದೊಡ್ಡ ಹುಲ್ಲಿನ ಹೊರೆಯನ್ನೇ ಹಾಕಿದಂತೆ.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಈ ವಾರ ಮಕ್ಕಳು ಚಿಕ್ಕ ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತಾರೆ, ಹಬ್ಬದ ಹೊತ್ತಿಗೆ ಗೋದಲಿಯ ಮುಂದೆ ಹಸಿರು ಪೈರು ಇರಲೆಂದು. 24ರ ಸಂಜೆ ಬಿತ್ತಿದರೆ ಪೈರು ಬಾರದು ಎಂದು ಮಕ್ಕಳಿಗೂ ಗೊತ್ತು. ವಿಶ್ವಾಸವೂ ಹಾಗೆಯೇ ಎಂದು ಆಗ ಅವರಿಗೆ ಹೇಳಿಕೊಡಿ.

ನಾಲ್ಕನೆಯ ವಾರ: ಬರಮಾಡಿಕೊಳ್ಳುವುದು

ಕೊನೆಯ ಭಾನುವಾರದ ವಾಚನಗಳು ನಮ್ಮನ್ನು ಒಂದು ಕುಟುಂಬದ ಬಳಿಗೆ ಕರೆದೊಯ್ಯುತ್ತವೆ. ಒಂದು ವರ್ಷ ಜೋಸೆಫರ ಕನಸು, ಇನ್ನೊಂದು ವರ್ಷ ಗಬ್ರಿಯೇಲ ದೂತನ ಸಂದೇಶ, ಮತ್ತೊಂದು ವರ್ಷ ಮರಿಯಮ್ಮನವರು ಎಲಿಜಬೇತಮ್ಮನನ್ನು ಸಂಧಿಸಿದ ಪ್ರಸಂಗ. ಆ ಕುಟುಂಬವೇನೂ ಕಷ್ಟವಿಲ್ಲದ ಕುಟುಂಬವಾಗಿರಲಿಲ್ಲ. ಜೋಸೆಫರಿಗೆ ಮನಸ್ಸಿನಲ್ಲಿ ಕಳವಳವಿತ್ತು, ಊರಿನವರ ಮಾತಿನ ಭಯವಿತ್ತು, ಬೆತ್ಲೆಹೇಮಿನಲ್ಲಿ ತಂಗಲು ಸ್ಥಳವಿರಲಿಲ್ಲ. ಆದರೂ ಅವರು ದೇವರ ಮಾತನ್ನು ಕೇಳಿ ಮರಿಯಮ್ಮನವರನ್ನು ಮನೆಗೆ ಸೇರಿಸಿಕೊಂಡರು. ಶುಭಸಂದೇಶದಲ್ಲಿ ಜೋಸೆಫರು ಆಡಿದ ಒಂದೇ ಒಂದು ಮಾತೂ ದಾಖಲಾಗಿಲ್ಲ. ಅವರು ಮಾಡಿದ್ದು ಮಾತ್ರ ದಾಖಲಾಗಿದೆ. ತಂದೆಯಂದಿರಿಗೆ ಇದಕ್ಕಿಂತ ದೊಡ್ಡ ಆದರ್ಶ ಬೇಕೆ?

ಈ ವರ್ಷ ಮನೆಯವರೊಬ್ಬರನ್ನು ಕಳೆದುಕೊಂಡವರು, ರೋಗಿಯನ್ನು ನೋಡಿಕೊಳ್ಳುತ್ತಿರುವವರು, ಕೆಲಸ ಕಳೆದುಕೊಂಡವರು ನಮ್ಮಲ್ಲಿದ್ದಾರೆ. "ಈ ಸಲ ನಮಗೆ ಹಬ್ಬವಿಲ್ಲ" ಎಂದು ಅವರು ಹೇಳುವುದುಂಟು. ನಕ್ಷತ್ರ ಕಟ್ಟದಿದ್ದರೂ ಚಿಂತೆಯಿಲ್ಲ, ಖಾಲಿ ಗೋದಲಿಯನ್ನು ಮಾತ್ರ ಇಡಿ. ಯೇಸುಸ್ವಾಮಿ ಹುಡುಕಿಕೊಂಡು ಬರುವುದು ಅಂತಹ ಖಾಲಿ ಜಾಗಗಳನ್ನೇ. ಅಕ್ಕಪಕ್ಕದ ಕುಟುಂಬಗಳು ಆ ಮನೆಗೆ ಹೋಗಿ, ಅವರೊಡನೆ ಕುಳಿತು, ಒಟ್ಟಿಗೆ ಪ್ರಾರ್ಥಿಸಲಿ.

ಹಬ್ಬದ ರಾತ್ರಿ ಮತ್ತು ಆಮೇಲೆ

24ರ ರಾತ್ರಿ ಪೂಜೆಗೆ ಹೊರಡುವ ಮುನ್ನ ಅಥವಾ ಪೂಜೆಯಿಂದ ಬಂದ ಕೂಡಲೇ ಮನೆಯವರೆಲ್ಲ ಗೋದಲಿಯ ಸುತ್ತ ಸೇರಿ. ಹಿರಿಯರೊಬ್ಬರು ಲೂಕರ ಎರಡನೆಯ ಅಧ್ಯಾಯವನ್ನು ಓದಲಿ. ಅತ್ಯಂತ ಕಿರಿಯ ಮಗು ಬಾಲಯೇಸುವನ್ನು ಆ ಹುಲ್ಲಿನ ಮೇಲೆ ಮಲಗಿಸಲಿ. ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವಾಗ, ನಾಲ್ಕು ವಾರ ಸಿದ್ಧಪಡಿಸಿದ ಗೋದಲಿ ನಿಜವಾಗಿ ಯಾವುದೆಂದು ನಿಮಗೆ ಅರಿವಾಗುವುದು. ಹಬ್ಬ ಅಲ್ಲಿಗೆ ಮುಗಿಯುವುದಿಲ್ಲ. ಧರ್ಮಸಭೆ ಎಂಟು ದಿನಗಳನ್ನು ಒಂದೇ ಮಹಾದಿನದಂತೆ ಆಚರಿಸುತ್ತದೆ. ಆ ದಿನಗಳ ನಡುವೆಯೇ ನಜರೇತಿನ ಪವಿತ್ರ ಕುಟುಂಬದ ಹಬ್ಬವೂ ಬರುತ್ತದೆ. ಅಂದು ಗಂಡ ಹೆಂಡತಿ ಮದುವೆಯ ದಿನದಂತೆ ಕೈಹಿಡಿದು ನಿಂತು, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ. ನಾಲ್ಕು ವಾರ ನಡೆದ ಆ ಹತ್ತು ನಿಮಿಷದ ಪ್ರಾರ್ಥನೆಯನ್ನು ಜನವರಿಯಲ್ಲೂ ನಿಲ್ಲಿಸಬೇಡಿ.

ನಮ್ಮ ಮನೆಗಳ ಗೋದಲಿಯಲ್ಲಿ ಹುಟ್ಟಿಬರುವ ಬಾಲಯೇಸು ನಿಮ್ಮ ಕುಟುಂಬಗಳನ್ನು ಒಂದುಗೂಡಿಸಿ ಕಾಪಾಡಲಿ. ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ನಿಮಗಾಗಿ ಪ್ರಾರ್ಥಿಸಲಿ. ನಿಮ್ಮೆಲ್ಲರಿಗೂ ಕ್ರಿಸ್ತಜಯಂತಿಯ ಹಾಗೂ ಹೊಸ ವರ್ಷದ ಹಾರ್ದಿಕ ಶುಭಾಶಯಗಳು.