ಬೌಲಿಂಗ್‌ನಲ್ಲಿ ಸ್ಟ್ರೈಕ್ ಬೀಳಬೇಕೇ? ಕೈ ತಿರುಚಬೇಡಿ, ಕಾಲು ಸರಿಸಿ

ಹೊಸೂರು, ತಾಳವಾಡಿ ಕಡೆಯಿಂದ ಬೆಂಗಳೂರಿಗೆ, ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಪುಣೆಗೆ ಓದಿಗೋ ಕೆಲಸಕ್ಕೋ ಹೋದ ಯುವಕ ಯುವತಿಯರು ಗೆಳೆಯರ ಜೊತೆ ಮಾಲ್‌ನ ಬೌಲಿಂಗ್ ಲೇನ್‌ಗೆ ಕಾಲಿಡುವುದುಂಟು. ಹೊಲದಲ್ಲಿ ದುಡಿದ ಗಟ್ಟಿ ತೋಳು, ಕೈಯಲ್ಲಿ ಭಾರದ ಚೆಂಡು. ಶಕ್ತಿಯೆಲ್ಲ ಬಿಟ್ಟು ಎಸೆದರೆ ಚೆಂಡು ಪಕ್ಕದ ಗಟರ್‌ಗೆ ಬೀಳುತ್ತದೆ, ಇಲ್ಲವೇ ಹತ್ತರಲ್ಲಿ ಆರು ಪಿನ್ ಬಿದ್ದು ನಾಲ್ಕು ನಿಂತೇ ಇರುತ್ತವೆ. ಪಕ್ಕದ ಲೇನ್‌ನಲ್ಲಿ ಸಣಕಲು ಹುಡುಗಿಯೊಬ್ಬಳು ನಿಧಾನವಾಗಿ ಉರುಳಿಸಿ ಹತ್ತಕ್ಕೆ ಹತ್ತನ್ನೂ ಕೆಡವುತ್ತಾಳೆ. ಆಟವೊಂದಕ್ಕೆ ಇಷ್ಟೆಂದು ದುಡ್ಡು ಕೊಟ್ಟವರಿಗೆ ಬೇಸರವಾಗುವುದು ಸಹಜ. ಆದರೆ ಗುಟ್ಟು ತೋಳಿನಲ್ಲಿಲ್ಲ, ಕೋನದಲ್ಲಿದೆ.

ಸ್ಟ್ರೈಕ್‌ಗೆ ಏಕಿಷ್ಟು ಬೆಲೆ?

ಮೊದಲ ಎಸೆತಕ್ಕೇ ಹತ್ತೂ ಪಿನ್ ಬಿದ್ದರೆ ಅದು ಸ್ಟ್ರೈಕ್. ಆಗ ಹತ್ತು ಅಂಕದ ಜೊತೆ ಮುಂದಿನ ಎರಡು ಎಸೆತಗಳ ಅಂಕವೂ ಸೇರುತ್ತದೆ. ಎರಡನೇ ಎಸೆತದಲ್ಲಿ ಉಳಿದವನ್ನು ಕೆಡವಿದರೆ ಅದು ಸ್ಪೇರ್. ಇದಕ್ಕೆ ಮುಂದಿನ ಒಂದೇ ಎಸೆತದ ಅಂಕ ಸೇರುತ್ತದೆ. ಪ್ರತಿ ಸಲ ಒಂಬತ್ತು ಕೆಡವಿ, ಉಳಿದ ಒಂದನ್ನು ತಪ್ಪದೆ ಹೊಡೆದರೂ ಆಟ 190ಕ್ಕೆ ಮುಗಿಯುತ್ತದೆ. ಸತತ 12 ಸ್ಟ್ರೈಕ್ ಬಿದ್ದರೆ 300.

ಕೇರಂ ಆಡಿದವರಿಗೆ ಗೊತ್ತಿರುವ ವಿದ್ಯೆ

ಕೇರಂ ಕಾಯಿಗೆ ನೇರವಾಗಿ ಹೊಡೆದರೆ ಅದು ನೇರಕ್ಕೆ ಹೋಗುತ್ತದೆ. ಅಂಚಿಗೆ ಹೊಡೆದರೆ ಪಕ್ಕಕ್ಕೆ ಹಾರುತ್ತದೆ. ಬೌಲಿಂಗ್‌ನಲ್ಲೂ ಇದೇ ಲೆಕ್ಕ. ಪಿನ್‌ಗಳು ತ್ರಿಕೋನದಲ್ಲಿ ನಿಂತಿರುತ್ತವೆ. ಮುಂದಿನದು 1, ಅದರ ಹಿಂದೆ ಎಡಕ್ಕೆ 2, ಬಲಕ್ಕೆ 3, ನಟ್ಟನಡುವೆ 5. ಬಲಗೈ ಆಟಗಾರರು ಗುರಿ ಇಡಬೇಕಾದ್ದು 1 ಮತ್ತು 3ರ ನಡುವಿನ ಸಂದಿಗೆ. ಇದಕ್ಕೆ ಪಾಕೆಟ್ ಎಂದು ಹೆಸರು. ಎಡಗೈಯವರಿಗೆ 1 ಮತ್ತು 2ರ ನಡುವೆ.

ಒಳ್ಳೆಯ ಸ್ಟ್ರೈಕ್‌ನಲ್ಲಿ ಚೆಂಡು ತಾನಾಗಿ ಮುಟ್ಟುವುದು 1, 3, 5, 9 ಈ ನಾಲ್ಕು ಪಿನ್‌ಗಳನ್ನು ಮಾತ್ರ. 1 ಹೋಗಿ 2ನ್ನು, 2 ಹೋಗಿ 4ನ್ನು, 4 ಹೋಗಿ 7ನ್ನು ಕೆಡವುತ್ತದೆ. 3ರಿಂದ 6, 6ರಿಂದ 10. ನಡುವಿನ 5 ಹೋಗಿ 8ನ್ನು ಉರುಳಿಸುತ್ತದೆ. ಅಂದರೆ ಆರು ಪಿನ್‌ಗಳನ್ನು ಕೆಡವುವುದು ಪಿನ್‌ಗಳೇ. ಮುಂದಿನ ಪಿನ್‌ಗೆ ನೆತ್ತಿ ನೋಡಿ ಹೊಡೆದರೆ ಈ ಸರಪಳಿ ತುಂಡಾಗಿ, ಎರಡು ಪಕ್ಕದಲ್ಲೂ ಪಿನ್ ಉಳಿಯುತ್ತವೆ.

ಕೋನ ಎಷ್ಟಿರಬೇಕು?

ಗೆರೆಯಿಂದ ಮೊದಲ ಪಿನ್‌ಗೆ 60 ಅಡಿ. ಲೇನ್‌ನ ಅಗಲ ಸುಮಾರು ಮೂರೂವರೆ ಅಡಿ, ಅದರಲ್ಲಿ 39 ಹಲಗೆಗಳು. ಇಷ್ಟು ಇಕ್ಕಟ್ಟಿನ ದಾರಿಯಲ್ಲಿ ಬಲ ತುದಿಯಿಂದ ನೇರ ಉರುಳಿಸಿದರೂ ಚೆಂಡು ಪಾಕೆಟ್ ಸೇರುವ ಕೋನ ಸುಮಾರು ಒಂದೂವರೆ ಡಿಗ್ರಿ ಮಾತ್ರ. ಕೊನೆಯಲ್ಲಿ ಒಳಕ್ಕೆ ತಿರುಗುವ ಚೆಂಡಿಗೆ ನಾಲ್ಕರಿಂದ ಆರು ಡಿಗ್ರಿ ಸಿಗುತ್ತದೆ. ಆಗ 5ನೇ ಪಿನ್ ಉಳಿಯುವುದು ಅಪರೂಪ. ಪಾಕೆಟ್‌ಗೆ ಬಿದ್ದರೂ 5 ನಿಂತಿದ್ದರೆ ಚೆಂಡು ಪಿನ್‌ಗೆ ತಾಗಿ ಬಲಕ್ಕೆ ಜಾರಿತೆಂದು ತಿಳಿಯಬೇಕು.

ಚೆಂಡು ತಿರುಗಲು ಮಣಿಕಟ್ಟು ತಿರುಚಬೇಕಿಲ್ಲ. ಬಿಡುವಾಗ ಹೆಬ್ಬೆರಳು ಮೊದಲು ಹೊರಬರಬೇಕು, ಆಮೇಲೆ ಉಳಿದ ಎರಡು ಬೆರಳು. ಅಂಗೈ ಕೈಕುಲುಕುವ ಭಂಗಿಯಲ್ಲಿ ಮುಗಿದರೆ ಸಾಕು. ಬಾಡಿಗೆ ಚೆಂಡುಗಳು ಸಾಮಾನ್ಯವಾಗಿ ನುಣುಪಾದ ಪ್ಲಾಸ್ಟಿಕ್‌ನವು, ಹೆಚ್ಚು ತಿರುಗುವುದಿಲ್ಲ. ಹಾಗಾಗಿ ಹೊಸಬರು ನಡುವಿಗಿಂತ ಸ್ವಲ್ಪ ಬಲಕ್ಕೆ ನಿಂತು, ಬಲದಿಂದ ಎರಡನೇ ಬಾಣದ ಗುರುತಿನ ಮೇಲೆ ಉರುಳಿಸುವುದು ಒಳ್ಳೆಯದು.

ತಪ್ಪಿದ ಕಡೆಗೇ ಸರಿಯಿರಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಚೆಂಡು ಪಾಕೆಟ್ ಬಿಟ್ಟು ಎಡಕ್ಕೆ ಹೋದರೆ ಮುಂದಿನ ಸಲ ಕೈಯನ್ನು ಬಲಕ್ಕೆ ಎಳೆಯುತ್ತಾರೆ. ಅದು ಪ್ರತಿ ಸಲ ಒಂದೊಂದು ರೀತಿ ಆಗುತ್ತದೆ. ಸರಿಯಾದ ದಾರಿ ಬೇರೆ: ಚೆಂಡು ಎಡಕ್ಕೆ ಹೋದರೆ ನಿಲ್ಲುವ ಜಾಗವನ್ನು ಎಡಕ್ಕೆ ಸರಿಸಿ, ಬಲಕ್ಕೆ ಹೋದರೆ ಬಲಕ್ಕೆ. ನೋಡುವ ಬಾಣ ಮಾತ್ರ ಅದೇ ಇರಲಿ.

ಕೇಳಲು ತಲೆಕೆಳಗಾಗಿ ತೋರಿದರೂ ಕಾರಣ ಸರಳ. ಬಾಣಗಳಿರುವುದು ಗೆರೆಯಿಂದ 12ರಿಂದ 16 ಅಡಿ ದೂರದಲ್ಲಿ, ಪಿನ್‌ಗಳಿಗಿಂತ ಬಹಳ ಈಚೆಗೆ. ಬಾವಿಯ ಏತದಂತೆ, ನಡುವಿನ ಆಧಾರ ಕದಲದಿದ್ದರೆ ಈ ತುದಿ ಒಂದು ಕಡೆ ಹೋದಾಗ ಆ ತುದಿ ಇನ್ನೊಂದು ಕಡೆ ಹೋಗುತ್ತದೆ. ಕಾಲು ಒಂದು ಹಲಗೆ ಎಡಕ್ಕೆ ಬಂದರೆ ಚೆಂಡು ಪಿನ್ ಬಳಿ ಎರಡು ಮೂರು ಹಲಗೆ ಬಲಕ್ಕೆ ತಲುಪುತ್ತದೆ. ಆದ್ದರಿಂದ ಒಮ್ಮೆಗೆ ಒಂದೆರಡು ಹಲಗೆ ಸಾಕು. ಒಂದೇ ತಪ್ಪು ಎರಡು ಸಲ ಆದ ಮೇಲಷ್ಟೇ ಸರಿಯಿರಿ. ಒಂದು ಎಸೆತದಲ್ಲಿ ಕೈಯೇ ತಪ್ಪಿರಬಹುದು.

ಲೇನ್‌ನ ಮುಂಭಾಗಕ್ಕೆ ಎಣ್ಣೆ ಬಳಿದಿರುತ್ತಾರೆ, ಪಿನ್ ಕಡೆಯ ಕೊನೆ ಭಾಗ ಒಣಗಿರುತ್ತದೆ. ಆಟ ಸಾಗಿದಂತೆ ಎಣ್ಣೆ ಸವೆದು ಚೆಂಡು ಬೇಗನೆ ತಿರುಗತೊಡಗುತ್ತದೆ. ಮೊದಲು ಸರಿ ಇದ್ದ ಎಸೆತ ಆಮೇಲೆ ಎಡಕ್ಕೆ ಎಳೆದರೆ ಗಾಬರಿ ಬೇಡ. ಆಗಲೂ ಎಡಕ್ಕೆ ಸರಿದರಾಯಿತು.

ಭಾರ ಮತ್ತು ಎಚ್ಚರ

ಚೆಂಡಿನ ಗರಿಷ್ಠ ತೂಕ 16 ಪೌಂಡ್, ಅಂದರೆ ಸುಮಾರು ಏಳೂಕಾಲು ಕಿಲೋ. ತೀರಾ ಹಗುರ ಚೆಂಡು ಪಿನ್‌ಗೆ ತಾಗಿ ದಾರಿ ತಪ್ಪುತ್ತದೆ, ತೀರಾ ಭಾರದ್ದು ಭುಜ ಮಣಿಕಟ್ಟು ಕೆಡಿಸುತ್ತದೆ. ಮೈತೂಕದ ಹತ್ತನೇ ಒಂದು ಭಾಗ ಎಂಬುದು ರೂಢಿಯ ಲೆಕ್ಕ. ತೋಳು ಉಯ್ಯಾಲೆಯಂತೆ ಸಡಿಲವಾಗಿ ತೂಗಿದರೆ ಚೆಂಡಿನ ಭಾರವೇ ವೇಗ ಕೊಡುತ್ತದೆ. ಹೆಬ್ಬೆರಳು ರಂಧ್ರದಲ್ಲಿ ಬಿಗಿಯಾದರೆ ಬೇರೆ ಚೆಂಡು ತೆಗೆದುಕೊಳ್ಳಿ. ಗೆರೆ ದಾಟಿದರೆ ಆ ಎಸೆತದ ಅಂಕ ಹೋಗುತ್ತದೆ, ಎಣ್ಣೆಯ ಮೇಲೆ ಜಾರಿ ಬೀಳುವ ಅಪಾಯವೂ ಇದೆ. ಮಕ್ಕಳನ್ನು ಕರೆದೊಯ್ಯುವವರು ಇದನ್ನು ಮೊದಲೇ ಹೇಳಿಕೊಡಬೇಕು.

ಮುಂದಿನ ಸಲ ಆಡಲು ಹೋದಾಗ ಮೊದಲ ಆಟದಲ್ಲಿ ಅಂಕದ ಕಡೆ ನೋಡದೆ ಎರಡನ್ನೇ ಗಮನಿಸಿ: ಎಲ್ಲಿ ನಿಂತಿರಿ, ಚೆಂಡು ಯಾವ ಬಾಣದ ಮೇಲೆ ಹೋಯಿತು. ಇವೆರಡು ನೆನಪಿದ್ದರೆ ಎಲ್ಲಿ ತಪ್ಪಿತೆಂದು ಲೇನ್ ತಾನೇ ಹೇಳಿಕೊಡುತ್ತದೆ.