ದೀಪದ ಹೆಣ್ಣಿನ ಮುಂದೆ ಎಂಟನೇ ತರಗತಿ

ಶಾಲಾ ಪ್ರವಾಸದ ಹಂಗಾಮಿನಲ್ಲಿ ಮೈಸೂರಿಗೆ ಬರುವ ಬಸ್ಸುಗಳ ದಾರಿ ಮೊದಲೇ ಗೊತ್ತಾಗಿರುತ್ತದೆ. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಮೃಗಾಲಯ, ಊಟ ಮುಗಿಸಿ ಅರಮನೆ, ಸಂಜೆ ಕೆಆರ್‌ಎಸ್ ಕಾರಂಜಿ. ಇದರ ನಡುವೆ ಹೊತ್ತು ಮಿಕ್ಕರೆ ಜಗನ್ಮೋಹನ ಅರಮನೆ. ದೊಡ್ಡ ಅರಮನೆಯಿಂದ ಕೂಗಳತೆಯಲ್ಲೇ ಇದ್ದರೂ ಇದರ ಪಾಲಿಗೆ ಬರುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಸಾಲಾಗಿ ಒಳಹೊಕ್ಕು, ಸಾಲಾಗಿ ಮೆಟ್ಟಿಲು ಹತ್ತಿ, ಸಾಲಾಗಿಯೇ ಹೊರಬಂದರೆ ಕಲಾ ಗ್ಯಾಲರಿ ನೋಡಿದಂತೆ ಲೆಕ್ಕ.

ನಂಜನಗೂಡು ಕಡೆಯ ಪ್ರೌಢಶಾಲೆಯೊಂದರ ಚಿತ್ರಕಲಾ ಮೇಷ್ಟರು ಈ ಲೆಕ್ಕವನ್ನು ಸ್ವಲ್ಪ ಕೆಡಿಸಿದ್ದಾರೆ. ಪ್ರವಾಸದಿಂದ ಮರಳಿದ ಮಕ್ಕಳಿಗೆ ಅವರು ಪ್ರಬಂಧ ಬರೆಯಲು ಹೇಳಲಿಲ್ಲ. ಯಾವ ಚಿತ್ರದ ಎದುರು ಹೆಚ್ಚು ಹೊತ್ತು ನಿಂತಿರಿ, ಯಾಕೆ ನಿಂತಿರಿ ಎಂದಷ್ಟೇ ಕೇಳಿದರು. ಆ ಹಾಳೆಗಳ ಕಟ್ಟು ನನ್ನ ಕೈಗೂ ಬಂತು.

ಮೊದಲ ನಾಲ್ಕು ಸಾಲು ಎಲ್ಲರದೂ ಒಂದೇ, ಗೈಡ್ ಹೇಳಿದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ್ 1861ರಲ್ಲಿ ಈ ಅರಮನೆ ಕಟ್ಟಿಸಿದರು, 1897ರಲ್ಲಿ ಹಳೆಯ ಮರದ ಅರಮನೆ ಮದುವೆ ಮನೆಯ ಬೆಂಕಿಗೆ ಆಹುತಿಯಾದಾಗ ರಾಜಮನೆತನ ಇಲ್ಲಿಗೇ ಬಂತು, 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಹಸ್ತಾಂತರವಾದದ್ದೂ ಇಲ್ಲೇ, 1915ರಲ್ಲಿ ಗ್ಯಾಲರಿಯಾಯಿತು. ಇಸವಿಗಳು ಮುಗಿದ ಮೇಲೆಯೇ ಮಕ್ಕಳ ಸ್ವಂತ ಅಕ್ಷರ ಶುರುವಾಗುವುದು.

ಹುಡುಗರಲ್ಲಿ ಬಹಳ ಮಂದಿಗೆ ಹಿಡಿಸಿದ್ದು ಚಿತ್ರವೇ ಅಲ್ಲ, ಪುಟಾಣಿ ಸೈನಿಕರು ಕವಾಯತು ಮಾಡುವ ಫ್ರೆಂಚ್ ಗಡಿಯಾರ. ಅಕ್ಕಿಕಾಳಿನ ಮೇಲೆ ಬಿಡಿಸಿದ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಲು ಆದ ನೂಕುನುಗ್ಗಲಿನ ವರ್ಣನೆ ಚಿತ್ರದ ವರ್ಣನೆಗಿಂತ ಉದ್ದವಾಗಿದೆ. ತಪ್ಪೇನಿಲ್ಲ, ನಾನೂ ಆ ವಯಸ್ಸಿನಲ್ಲಿ ಅದನ್ನೇ ಬರೆಯುತ್ತಿದ್ದೆ. ಒಡೆಯರ ವಂಶಾವಳಿಯನ್ನು ತಾವರೆಯ ಎಸಳುಗಳಲ್ಲಿ ಕೂರಿಸಿರುವ ‘ಸಂತಾನಾಂಬುಜ’ವನ್ನು ಒಬ್ಬನೇ ಒಬ್ಬ ಗಮನಿಸಿದ್ದಾನೆ. ತನ್ನ ಮನೆಯಲ್ಲಿ ಅಜ್ಜನ ಅಪ್ಪನ ಹೆಸರೇ ಯಾರಿಗೂ ಗೊತ್ತಿಲ್ಲ ಎಂಬುದು ಅವನ ತಕರಾರು.

ರವಿವರ್ಮನ ಸರದಿ ಬಂದಾಗ ಹುಡುಗಿಯರು ಮುಂದೆ. 1889ರ ‘ಗೆಲಾಕ್ಸಿ ಆಫ್ ಮ್ಯುಸಿಷಿಯನ್ಸ್’ ತೈಲಚಿತ್ರದಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಒಬ್ಬೊಬ್ಬರದು ಒಂದೊಂದು ಸೀಮೆ, ಒಂದೊಂದು ಉಡುಗೆ. ವೀಣೆ ಹಿಡಿದವಳು ಕೇರಳದ ನಾಯರ್ ಹೆಣ್ಣು. ದೇಶದ ಬೇರೆ ಬೇರೆ ಕಡೆಯವರನ್ನು ಕಲಾವಿದ ಒಂದೇ ಕಚೇರಿಗೆ ಕೂರಿಸಿದ್ದಾನೆ ಎಂದು ದೊಡ್ಡವರು ವಿವರಿಸುವುದುಂಟು. ಮಕ್ಕಳು ಸೀರೆಯ ನೆರಿಗೆ, ಮೂಗುತಿ, ಜರಿಯಂಚು ನೋಡಿ ಯಾರು ಯಾವ ಕಡೆಯವರೆಂದು ಪಂದ್ಯ ಕಟ್ಟಿದ್ದಾರೆ. ಒಬ್ಬಳಿಗೆ ಮಾತ್ರ ಬೇರೆಯದೇ ಅನುಮಾನ: ಇಷ್ಟೊಂದು ಜನ ಸೇರಿ ಹಾಡುವಾಗ ಒಬ್ಬರಾದರೂ ನಗಬೇಡವೇ? ನಿಜ, ಆ ಮುಖಗಳಲ್ಲಿ ಕಚೇರಿಯ ಕಳೆಯಿಲ್ಲ. ಕಲಾ ವಿಮರ್ಶಕರು ಪುಟಗಟ್ಟಲೆ ಚರ್ಚಿಸಿದ ಸಂಗತಿಯಿದು.

ಆದರೆ ಹಾಳೆಗಳಲ್ಲಿ ಅರ್ಧಕ್ಕರ್ಧ ಒಬ್ಬಳದೇ ಪಾರುಪತ್ಯ. ಕತ್ತಲು ಮಾಡಿದ ಕೋಣೆಯಲ್ಲಿ ದೀಪ ಹಿಡಿದು ನಿಂತವಳು. ಒಂದು ಕೈಯಲ್ಲಿ ದೀಪ, ಗಾಳಿಗೆ ಅಡ್ಡವಾಗಿ ಇನ್ನೊಂದು ಅಂಗೈ, ಬೆರಳ ಸಂದಿಯಲ್ಲಿ ಕೆಂಪಗೆ ಸೋರುವ ಬೆಳಕು, ಹಿಂದಿನ ಗೋಡೆಯ ಮೇಲೆ ಅವಳದೇ ನೆರಳು. ಚಿತ್ರದ ಹಿಂದೆ ಬಲ್ಬ್ ಇಟ್ಟಿದ್ದಾರೆಯೇ ಇಲ್ಲವೇ ಎಂದು ಬಸ್ಸಿನಲ್ಲಿ ಊರು ತಲುಪುವವರೆಗೂ ಜಗಳವಾಗಿದೆ. ಇದನ್ನೂ ರವಿವರ್ಮನೇ ಬರೆದದ್ದು ಎಂದು ಬರೆದವರೇ ಹೆಚ್ಚು. ಮೇಷ್ಟರು ಪ್ರತಿ ಹಾಳೆಯಲ್ಲೂ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ: ಎಸ್.ಎಲ್. ಹಲ್ದಣಕರ್. ಮೈಸೂರಿನವರೇ ಎಷ್ಟೋ ಜನ ಇಂದಿಗೂ ರವಿವರ್ಮ ಎನ್ನುವಾಗ ಮಕ್ಕಳನ್ನು ದೂರಿ ಫಲವಿಲ್ಲ.

ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳಗಿದ ಹಲ್ದಣಕರ್ ಜಲವರ್ಣದಲ್ಲಿ ಪಳಗಿದ ಕೈ. ದೀಪ ಹಿಡಿದವಳು ಅವರ ಮಗಳು ಗೀತಾ. ಶತಾಯುಷಿಯಾಗಿ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಅಪ್ಪ ತನ್ನನ್ನು ಸುಮಾರು ಮೂರು ಗಂಟೆ ನಿಲ್ಲಿಸಿದ್ದರೆಂದು ಅವರು ನೆನಪಿಸಿಕೊಂಡದ್ದುಂಟು. ಅವಳ ಕೈ ನೋಯಲಿಲ್ಲವೇ ಎಂದು ಹಾಳೆಯ ಕೊನೆಗೆ ಕೇಳಿದ ಹುಡುಗಿಗೆ ಈ ವಿಷಯ ತಿಳಿಸಬೇಕು.

ಬಲ್ಬಿನ ಜಗಳವನ್ನು ಮೇಷ್ಟರು ತರಗತಿಯಲ್ಲೇ ಇತ್ಯರ್ಥ ಮಾಡಿದರು. ಎಲ್ಲರಿಗೂ ಒಂದೊಂದು ಬಿಳಿ ಹಾಳೆ, ಜಲವರ್ಣದ ಡಬ್ಬಿ. ಬಿಳಿ ಬಣ್ಣ ಮುಟ್ಟದೆ ದೀಪ ಬರೆಯಬೇಕು. ತೈಲವರ್ಣದಲ್ಲಾದರೆ ಕಪ್ಪಿನ ಮೇಲೂ ಬಿಳಿ ಏರಿಸಬಹುದು. ಪಾರದರ್ಶಕ ಜಲವರ್ಣದಲ್ಲಿ ಆ ಅನುಕೂಲವಿಲ್ಲ. ಬೆಳಕು ಎಂದರೆ ಕಾಗದದ ಸ್ವಂತ ಬಿಳುಪು. ಅದನ್ನು ಮುಟ್ಟದೆ ಕಾದಿಟ್ಟು, ಅಂಚಿಗೆ ತೆಳ್ಳಗೆ ಹಳದಿ ಹಾಯಿಸಿ, ಸುತ್ತ ಪದರ ಪದರವಾಗಿ ಕತ್ತಲು ಕಟ್ಟುತ್ತ ಬರಬೇಕು. ರಂಗೋಲಿಯಲ್ಲಿ ಚುಕ್ಕಿಯ ಜಾಗವನ್ನು ಮೊದಲೇ ನಿರ್ಧರಿಸಿದ ಹಾಗೆ, ಜ್ವಾಲೆಯ ಜಾಗ ಕುಂಚ ಅದ್ದುವ ಮುಂಚೆಯೇ ತೀರ್ಮಾನವಾಗಿರಬೇಕು. ಗಾಢ ಬಣ್ಣ ಒಮ್ಮೆ ಇಂಗಿತೋ, ಆ ಬಿಳುಪು ಪೂರ್ತಿ ಮರಳಿ ಬರುವುದಿಲ್ಲ. ಬಹುತೇಕ ಹಾಳೆಗಳು ಕೆಸರಾದವು. ಅಷ್ಟಾದ ಮೇಲೆ ಅದೇ ಚಿತ್ರದ ಬಗ್ಗೆ ಮತ್ತೆ ಬರೆಸಿದ ಎರಡನೇ ಹಾಳೆಗಳಲ್ಲಿ ಬಲ್ಬಿನ ಸುದ್ದಿಯೇ ಇಲ್ಲ. ಅಂಗೈ ಎಲ್ಲಿ ಕೆಂಪು, ಗೋಡೆ ಎಲ್ಲಿ ಕಂದು, ಸೀರೆಯ ನೇರಳೆ ಯಾವ ಮಡಿಕೆಯಲ್ಲಿ ಮಾಯವಾಗುತ್ತದೆ ಎಂಬ ವಿವರಗಳಿವೆ.

ಗ್ಯಾಲರಿಯಲ್ಲಿ ಇದಲ್ಲದೆ ರೋರಿಕ್‌ನ ಹಿಮಾಲಯವಿದೆ, ದಂತದ ಕುಸುರಿಯಿದೆ, ವಾದ್ಯಗಳಿವೆ. ಎಲ್ಲವನ್ನೂ ಒಂದೇ ಉಸಿರಿಗೆ ತೋರಿಸುವ ಹಟ ಶಾಲೆಗಳು ಬಿಟ್ಟರೆ ಒಳ್ಳೆಯದು. ಮೂರು ಚಿತ್ರ ಸಾಕು, ಒಂದೊಂದಕ್ಕೆ ಕಾಲು ಗಂಟೆ. ಮುಂದಿನ ವರ್ಷ ಹಾಗೇ ಮಾಡುವುದೆಂದು ಮೇಷ್ಟರು ಹೇಳಿದ್ದಾರೆ. ಹೊತ್ತು ಹೊಂದಿಸಲು ಯಾವುದನ್ನು ಕೈಬಿಡೋಣ ಎಂದು ಮಕ್ಕಳನ್ನೇ ಕೇಳಿದರು. ಕಾರಂಜಿ ಬಿಡಲು ಅರೆಮನಸ್ಸಿನಿಂದ ಕೆಲವರು ಒಪ್ಪಿದ್ದಾರಂತೆ. ಮೃಗಾಲಯದ ಮಾತೆತ್ತಿದ್ದೇ ತಡ, ಇಡೀ ತರಗತಿ ಎದ್ದು ನಿಂತಿತಂತೆ.